ಡಿಜಿಟಲ್ ಚಿತ್ರಪುಸ್ತಕವೂ ಓದಿ ಹೇಳುವವರ ಮಾತೂ: ಒಂದು ಟಿಪ್ಪಣಿ

ಪುಟ್ಟ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರಪುಸ್ತಕ ಓದುವ ಅಪ್ಪ ಅಮ್ಮಂದಿರು ಅಚ್ಚಾದ ಸಾಲುಗಳನ್ನಷ್ಟೇ ಓದಿ ಸುಮ್ಮನಾಗುವುದು ಕಡಿಮೆ. ‘ಇದ್ಯಾರು?’, ‘ಅದಕ್ಯಾಕೆ ಸಿಟ್ಟು ಬಂತು?’, ‘ಅಜ್ಜಿ ಮನೇಲಿ ನೋಡಿದ್ವಲ್ಲ, ಅಂಥದ್ದೇ ಅಲ್ವಾ?’ ಎಂದು ಕೇಳುತ್ತಾರೆ. ಮಗು ಒಂದು ಪದ ಆಡಿದರೆ ಅದಕ್ಕೆ ಎರಡು ಸೇರಿಸಿ ಮರಳಿ ಹೇಳುತ್ತಾರೆ. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತುಕತೆಯನ್ನೇ ಪರೀಕ್ಷೆಗೆ ಒಡ್ಡಿತು. ಹೀಗೆ ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಓದುವುದನ್ನು ಕಲಿತ ತಂದೆತಾಯಿಯರ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದಿದ್ದರು. ಹೋಲಿಕೆಗೆಂದು ಆರಿಸಿದ ಗುಂಪಿನ ಮನೆಗಳಲ್ಲೂ ಪುಸ್ತಕ ಓದುವುದು ನಡೆದೇ ಇತ್ತು. ಹಾಗಾಗಿ ವ್ಯತ್ಯಾಸ ಹುಟ್ಟಿದ್ದು ಓದಿನ ರೀತಿಯಿಂದ.

ಪುಸ್ತಕ ಟ್ಯಾಬ್ಲೆಟ್‌ಗೆ ಬಂದಾಗ ಈ ಮಾತು ಏನಾಗುತ್ತದೆ? ಅಮೆರಿಕದ ಜೋನ್ ಗಾನ್ಜ್ ಕೂನಿ ಸಂಶೋಧನಾ ಕೇಂದ್ರವು 2012ರಲ್ಲಿ 3ರಿಂದ 6 ವರ್ಷದ ಮಕ್ಕಳೂ ಅವರ ಹೆತ್ತವರೂ ಸೇರಿದ 32 ಜೋಡಿಗಳನ್ನು ಗಮನಿಸಿತು. ಆಟ, ಸದ್ದು, ಮುಟ್ಟಿದರೆ ಕುಣಿಯುವ ಚಿತ್ರಗಳಿದ್ದ ಇ-ಪುಸ್ತಕ ಓದಿದ ಮಕ್ಕಳಿಗೆ, ಅದೇ ಕಥೆಯನ್ನು ಕಾಗದದಲ್ಲಿ ಓದಿದಾಗ ಉಳಿದಷ್ಟು ವಿವರ ನೆನಪಿನಲ್ಲಿ ಉಳಿಯಲಿಲ್ಲ. ಜೂಲಿಯಾ ಪ್ಯಾರಿಶ್-ಮಾರಿಸ್ ತಂಡದ 2013ರ ಅಧ್ಯಯನ ಇದರ ಕಾರಣದ ಹತ್ತಿರಕ್ಕೆ ಹೋಗುತ್ತದೆ. ಸದ್ದು ಮಾಡುವ ಎಲೆಕ್ಟ್ರಾನಿಕ್ ಪುಸ್ತಕ ಎದುರಿಗಿದ್ದಾಗ ಹೆತ್ತವರ ಮಾತು ಕಥೆಯನ್ನು ಬಿಟ್ಟು ಮಗುವಿನ ಕೈಯ ಕಡೆಗೆ ಹೊರಳಿತು: ‘ಅದನ್ನ ಒತ್ತಬೇಡ’, ‘ತಡಿ, ಮುಗೀಲಿ’ ಎಂಬ ಬಗೆಯ ಮಾತುಗಳು. ಕಥೆಯನ್ನು ಮಗುವಿನ ಸ್ವಂತ ಬದುಕಿಗೆ ಜೋಡಿಸುವ ಮಾತುಗಳು ಕಡಿಮೆಯಾದವು. ಮೂರು ವರ್ಷದವರ ಗ್ರಹಿಕೆಗೂ ಇದರಿಂದ ಪೆಟ್ಟು ಬಿತ್ತು.

ಹಾಗೆಂದು ಕಾಗದ ಒಳ್ಳೆಯದು, ತೆರೆ ಕೆಟ್ಟದ್ದು ಎಂದು ತೀರ್ಪು ಕೊಟ್ಟುಬಿಡುವುದು ಅವಸರವಾದೀತು. 43 ಅಧ್ಯಯನಗಳನ್ನು ಒಟ್ಟುಗೂಡಿಸಿ ಝೋಫಿಯಾ ತಕಾಚ್, ಏಡ್ರಿಯಾನಾ ಬುಸ್ ಮೊದಲಾದವರು 2015ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಮುಖ್ಯವಾದ ಒಂದು ಭೇದ ಕಾಣುತ್ತದೆ. ಕಥೆಯ ಜೊತೆಗೇ ಸಾಗುವ ಚಲನೆ, ಸಂಗೀತ, ಸದ್ದು ಗ್ರಹಿಕೆಗೆ ನೆರವಾಗುತ್ತವೆ. ಕಥೆಯನ್ನು ತಡೆದು ನಿಲ್ಲಿಸುವ ಆಟಗಳು, ಅಲ್ಲಲ್ಲಿ ಒತ್ತುವ ಗುಂಡಿಗಳು ಕೆಡಿಸುತ್ತವೆ. ಕೆನಡಾದಲ್ಲಿ ಗೇಬ್ರಿಯಲ್ ಸ್ಟ್ರೌಸ್ ಮತ್ತು ಪೆಟ್ರಿಷಿಯಾ ಗನಿಯಾ 2017ರಲ್ಲಿ ಒಂದೂವರೆ–ಎರಡು ವರ್ಷದ ಮಕ್ಕಳಲ್ಲಿ ಇನ್ನೂ ಬೇರೆಯದನ್ನು ಕಂಡರು. ಎಲೆಕ್ಟ್ರಾನಿಕ್ ಪುಸ್ತಕದ ಮುಂದೆ ಆ ಮಕ್ಕಳ ಗಮನ ಹೆಚ್ಚಿತ್ತು, ಹೊಸ ಪ್ರಾಣಿಯ ಹೆಸರನ್ನೂ ಅವರು ಚೆನ್ನಾಗಿ ಕಲಿತರು.

ಆದರೂ 2019ರ ಮಿಶಿಗನ್ ಅಧ್ಯಯನವನ್ನು ಪಕ್ಕಕ್ಕಿಡಲಾಗದು. ಟಿಫನಿ ಮನ್ಜರ್ ಮತ್ತು ಜೆನ್ನಿ ರಡೆಸ್ಕಿ ತಂಡ ಎರಡರಿಂದ ಮೂರು ವರ್ಷದ ಮಕ್ಕಳಿದ್ದ 37 ಜೋಡಿಗಳ ಕೈಗೆ ಮೂರು ಬಗೆಯ ಪುಸ್ತಕ ಕೊಟ್ಟಿತು: ಅಚ್ಚಾದದ್ದು, ತೆರೆಯ ಮೇಲಿನ ಸಾದಾ ಪುಸ್ತಕ, ಸದ್ದು–ಚಲನೆಗಳಿರುವ ಪುಸ್ತಕ. ಸಂವಾದದ ಮಾತು ಅತಿ ಹೆಚ್ಚು ಕೇಳಿಬಂದದ್ದು ಕಾಗದದ ಮುಂದೆ. ಸಾದಾ ಇ-ಪುಸ್ತಕದಲ್ಲೂ ಅದು ಇಳಿದಿತ್ತು ಎಂಬುದು ನನಗೆ ಇಡೀ ಅಧ್ಯಯನದ ತಿರುಳಾಗಿ ಕಾಣುತ್ತದೆ. ಸದ್ದು ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ತೆರೆಯನ್ನು ಒಬ್ಬರೇ ಹಿಡಿದು ಒಬ್ಬರೇ ಮುಟ್ಟುವ ರೂಢಿ ನಮ್ಮ ಕೈಗಳಿಗೆ ಆಗಲೇ ಹತ್ತಿಬಿಟ್ಟಿದೆ. ಬುಸ್ ಅವರೂ ಸೇರಿದ 2021ರ ಇನ್ನೊಂದು ಒಟ್ಟು ವಿಶ್ಲೇಷಣೆ, ಮಗು ತಾನೊಂದೇ ಓದುವ, ಸದ್ದು–ಚಲನೆಗಳಿರುವ ಇ-ಪುಸ್ತಕಕ್ಕಿಂತ ದೊಡ್ಡವರು ಜೊತೆಗಿದ್ದು ಓದಿಸುವ ಕಾಗದದ ಪುಸ್ತಕ ಹೆಚ್ಚು ಫಲ ಕೊಡುತ್ತದೆ ಎಂದು ತೋರಿಸಿತು.

ಈ ಫಲಿತಾಂಶಗಳನ್ನು ಕನ್ನಡದ ಮನೆಗಳಿಗೆ ತರುವಾಗ ಎಚ್ಚರ ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಅಲ್ಲಿ ಬಹುಪಾಲು ಪುಟಗಳು ನಿಂತ ಚಿತ್ರ ಮತ್ತು ಕೆಲವೇ ಸಾಲು, ಇಳಿಸಿಕೊಂಡು ಮುದ್ರಿಸಲೂಬಹುದು. ಕುಣಿಯುವ ಗುಂಡಿಗಳ ಮೇಲಿನ ಆಕ್ಷೇಪ ಇವಕ್ಕೆ ತಾಗುವುದಿಲ್ಲ. ಜೊತೆಗೆ, ಪದಗಳು ಬೆಳಗುತ್ತ ಹೋದಂತೆ ಧ್ವನಿಯೊಂದು ಓದಿ ಹೇಳುವ ಪುಸ್ತಕಗಳೂ ಇವೆ. ನಮ್ಮ ಪ್ರಶ್ನೆ ಏಳುವುದು ಈ ಧ್ವನಿಯ ಬಳಿ.

ಕನ್ನಡದಲ್ಲಿ ಬರಹದ ನುಡಿಗೂ ಮನೆಯ ನುಡಿಗೂ ಅಂತರ ದೊಡ್ಡದು. ‘ಬೆಕ್ಕು ಏನು ಮಾಡುತ್ತಿದೆ’ ಎಂದು ಅಚ್ಚಾಗಿದ್ದರೂ ಮೈಸೂರಿನ ತಾಯಿ ‘ಏನ್ಮಾಡ್ತಿದೆ ನೋಡು’ ಎನ್ನುತ್ತಾಳೆ, ಧಾರವಾಡದವಳು ‘ಏನ್ ಮಾಡಾಕತ್ತೈತಿ ನೋಡು’, ಮಂಗಳೂರಿನವಳು ‘ಎಂತ ಮಾಡ್ತಾ ಉಂಟು ನೋಡು’. ಓದುತ್ತ ಓದುತ್ತಲೇ ಅವರು ಅಚ್ಚಿನ ಸಾಲನ್ನು ಮಗುವಿಗೆ ಪರಿಚಿತವಾದ ನುಡಿಗೆ ತರುತ್ತಾರೆ; ಮಗು ಎರಡೂ ನುಡಿಗಳನ್ನು ಒಂದೇ ಬಾಯಿಂದ ಕೇಳುತ್ತದೆ. ಧ್ವನಿಮುದ್ರಿತ ಓದು ಶುರುವಾದರೆ ಶಿಷ್ಟ ಕನ್ನಡವೊಂದೇ ಉಳಿದು, ತಾಯಿಯೂ ಬರೀ ಕೇಳುತ್ತ ಕೂರುವ ಸಾಧ್ಯತೆ ಇದೆ. ನನ್ನನ್ನು ಕಾಡುವ ನಷ್ಟ ಇದು.

ಇದರ ಎದುರು ಮಗ್ಗುಲೂ ಅಷ್ಟೇ ನಿಜ. ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ ಹುಟ್ಟಿ ಬೆಳೆದು, ಕನ್ನಡ ಆಡಬಲ್ಲ ಆದರೆ ಲಿಪಿ ಓದಲಾರದ ತಂದೆಗೆ ಅದೇ ಧ್ವನಿ ಆಸರೆ. ಅವನು ಸಾಲನ್ನು ಕೇಳಿಸಿ, ನಿಲ್ಲಿಸಿ, ಆಮೇಲೆ ತನ್ನ ಮಾತಿನಲ್ಲಿ ಮಗಳನ್ನು ಕೇಳಬಹುದು. ಅಕ್ಷರ ಕಲಿಯದ ಅಜ್ಜಿಗೂ ಈ ದಾರಿ ತೆರೆದಿದೆ. ಹಾಗಾದರೆ ನಿಲ್ಲಿಸುವ ಗುಂಡಿ ಕೈಗೆ ಸುಲಭವಾಗಿ ಸಿಗುವಂತಿರಬೇಕು. ಪುಟ ತಾನಾಗಿ ತಿರುಗಕೂಡದು.

ಈ ನಷ್ಟ ಎಷ್ಟು, ಈ ಆಸರೆ ಎಷ್ಟು ಎಂದು ತಿಳಿಯಲು ಕನ್ನಡದಲ್ಲಿ ಮಾಡಬೇಕಾದ ಅಧ್ಯಯನದ ಒಂದು ರೂಪ ಹೀಗಿರಬಹುದು. ಒಂದೇ ಮಟ್ಟದ ಮೂರು ಕಥೆಗಳು: ಒಂದು ಮುದ್ರಿತ ಪ್ರತಿಯಲ್ಲಿ, ಒಂದು ಧ್ವನಿ ಇಲ್ಲದ ತೆರೆಯಲ್ಲಿ, ಒಂದು ಧ್ವನಿಯೊಂದಿಗೆ. ಯಾವ ಕಥೆ ಯಾವ ರೂಪದಲ್ಲಿ ಎಂಬುದು ಮನೆಯಿಂದ ಮನೆಗೆ ಬದಲಾಗಬೇಕು. ಮನೆಗಳು ಧಾರವಾಡ, ಮಂಗಳೂರು, ಮೈಸೂರು ಸೀಮೆಗಳಿಂದಲೂ ಹೊರದೇಶಗಳಿಂದಲೂ ಬರಬೇಕು. ಮಗು ಕಥೆಯನ್ನು ಎಷ್ಟು ತಿರುಗಿ ಹೇಳಿತು ಎಂಬುದರ ಜೊತೆಗೆ ದೊಡ್ಡವರು ಎಷ್ಟು ಸಾಲನ್ನು ಮನೆಮಾತಿಗೆ ತಂದರು, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಎಷ್ಟು ಹೊತ್ತು ಕಾದರು ಎಂಬುದನ್ನೂ ಅಳೆಯಬೇಕು.