ಪರಿಸರ ಮತ್ತು ಆರ್ಥಿಕ ಕಾನೂನಿನ ವಿದ್ವತ್ ಪ್ರಕಟಣೆ: ನಾಗರಹೊಳೆ–ಅಂತರಸಂತೆ ಸೀಮೆಯ ದಾಖಲೆ

ಪರಿಸರ ಮತ್ತು ಆರ್ಥಿಕ ಕಾನೂನು ಕುರಿತ ಸಂಶೋಧನಾ ಬರಹ ಎಲ್ಲಿ ಅಚ್ಚಾಗುತ್ತದೆ, ಅಚ್ಚಾಗುವ ಮುನ್ನ ಅದನ್ನು ಯಾರು ಓದಿ ಒರೆಗೆ ಹಚ್ಚುತ್ತಾರೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಹುಡುಕಿದರೆ ಎರಡು ಜಾಗಗಳು ಎದುರಾಗುತ್ತವೆ. ಒಂದು, ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ. ಇನ್ನೊಂದು, ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕಿನ ಕಾಡಂಚು. ಅಂತರಸಂತೆ ಈ ತಾಲ್ಲೂಕಿನ ಹೋಬಳಿ; ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ವನ್ಯಜೀವಿ ವಲಯವೊಂದಕ್ಕೂ ಇದೇ ಹೆಸರಿದೆ. ಕಾನೂನು ಶಾಲೆಯಲ್ಲಿ ಪತ್ರಿಕೆಗಳು ಹುಟ್ಟಿದವು, ಕಾಡಂಚಿನಲ್ಲಿ ಆ ಪತ್ರಿಕೆಗಳಿಗೆ ಬೇಕಾದ ಪ್ರಕರಣಗಳು ಹುಟ್ಟಿದವು. ಈ ಸೀಮೆಯ ಜನರ ಬದುಕಿಗೆ ಹೆಚ್ಚು ತಾಗಿದ ಬರಹಗಳು ಮಾತ್ರ ತಜ್ಞ ಪರಿಶೀಲನೆಯ, ಅಂದರೆ ಪೀರ್ ರಿವ್ಯೂವಿನ, ದಾರಿಯಿಂದ ಬಂದವಲ್ಲ.

ಹಿನ್ನೆಲೆ

ಪೀರ್ ರಿವ್ಯೂವಿನ ಸಾಮಾನ್ಯ ಇತಿಹಾಸ ಎಲ್ಲೆಡೆ ಸಿಗುವಂಥದು. ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ 1665ರಲ್ಲಿ ಆರಂಭವಾಯಿತು. ತಜ್ಞರಿಂದ ಲಿಖಿತ ವರದಿ ತರಿಸುವ ರೂಢಿ ಅಲ್ಲಿ ಬೇರೂರಿದ್ದು 1830ರ ದಶಕದಲ್ಲಿ. ‘ನೇಚರ್’ ಪತ್ರಿಕೆ ಹೊರಗಿನ ಪರಿಶೀಲನೆಯನ್ನು ಕಡ್ಡಾಯ ಮಾಡಿದ್ದು 1973ರಲ್ಲಷ್ಟೇ. ಕಾನೂನಿನ ಪತ್ರಿಕೆಗಳು ಬೇರೆ ಹಾದಿ ಹಿಡಿದವು. 1887ರ ‘ಹಾರ್ವರ್ಡ್ ಲಾ ರಿವ್ಯೂ’ ಮಾದರಿಯಲ್ಲಿ ಲೇಖನ ಆಯುವವರೂ ಅಡಿಟಿಪ್ಪಣಿ ಪರೀಕ್ಷಿಸುವವರೂ ವಿದ್ಯಾರ್ಥಿಗಳೇ. ಭಾರತದ ಕಾನೂನು ಶಾಲೆಗಳು ಈ ಪದ್ಧತಿಯನ್ನು ಬಹುಮಟ್ಟಿಗೆ ಹಾಗೇ ಎತ್ತಿಕೊಂಡವು. ಅದಕ್ಕೆ ಮೊದಲೇ ದೆಹಲಿಯ ಭಾರತೀಯ ಕಾನೂನು ಸಂಸ್ಥೆ 1958ರಲ್ಲಿ ತನ್ನ ಜರ್ನಲ್ ಆರಂಭಿಸಿತ್ತು.

ಆಗ ಬರೆಯಲು ಪರಿಸರ ಕಾನೂನೆಂಬುದೇ ಇರಲಿಲ್ಲವೆನ್ನಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದೊಂದು ಬೋಧನಾ ವಿಷಯವಾಯಿತು. ಆರ್ಥಿಕ ಕಾನೂನಿನ ಕಡೆಯಿಂದ 1960ರಲ್ಲಿ ‘ಜರ್ನಲ್ ಆಫ್ ಲಾ ಆ್ಯಂಡ್ ಎಕನಾಮಿಕ್ಸ್’ನಲ್ಲಿ ಬಂದ ರೊನಾಲ್ಡ್ ಕೋಸರ ಲೇಖನ, ಒಬ್ಬನ ಉದ್ಯಮದಿಂದ ಇನ್ನೊಬ್ಬನಿಗಾಗುವ ಹಾನಿಯನ್ನು ಹಕ್ಕು ಮತ್ತು ಚೌಕಾಸಿಯ ಲೆಕ್ಕದಲ್ಲಿ ನೋಡುವ ದಾರಿ ತೆರೆಯಿತು. ಎರಡು ಶಾಖೆಗಳೂ ಕೂಡುವ ಜಾಗವೆಂದರೆ ನೀರು ಮತ್ತು ಕಾಡು. ಎಚ್.ಡಿ. ಕೋಟೆಯಲ್ಲಿ ಎರಡೂ ಇವೆ.

ಕಬಿನಿಯ ನೀರು

ಬೀಚನಹಳ್ಳಿ ಬಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆ ಕಾಡಿನ ದೊಡ್ಡ ಭಾಗ ಹಿನ್ನೀರಿನಲ್ಲಿ ಮುಳುಗಿತು. 1990ರಲ್ಲಿ ರಚನೆಯಾದ ಕಾವೇರಿ ಜಲವಿವಾದ ನ್ಯಾಯಾಧಿಕರಣ 2007ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಅಡಿ ನೀರು ಕೊಟ್ಟಿತು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಅದನ್ನು 284.75ಕ್ಕೆ ಏರಿಸಿತು. ಕೇರಳದ 30 ಟಿಎಂಸಿ ಅಡಿಯಲ್ಲಿ 21 ಕಬಿನಿ ಕಣಿವೆಯದು. ಈ ವಿವಾದದ ಬಗ್ಗೆ ಎಸ್. ಗುಹನ್ ಅವರ 1993ರ ಪುಸ್ತಕ ಮತ್ತು ರಾಮಸ್ವಾಮಿ ಆರ್. ಅಯ್ಯರ್ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನಗಳು ಮತ್ತೆ ಮತ್ತೆ ಉಲ್ಲೇಖಗೊಂಡಿವೆ. ಕಾವೇರಿ ಸಾಹಿತ್ಯ ವಿಪುಲವಾಗಿದ್ದು ಬೇರೆಡೆ ಚೆನ್ನಾಗಿ ಸಂಗ್ರಹಗೊಂಡಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ. ಒಂದು ಮಾತು ಸಾಕು: ಅದರಲ್ಲಿ ಕಬಿನಿ ಸಾಮಾನ್ಯವಾಗಿ ಟಿಎಂಸಿ ಅಂಕಿಯಾಗಿ ಬರುತ್ತದೆಯೇ ಹೊರತು ಹಿನ್ನೀರಿಗೆ ಊರು ಬಿಟ್ಟವರ ಕಥೆಯಾಗಿ ಬರುವುದು ವಿರಳ.

ನಾಗರಹೊಳೆ: ಎರಡು ಬಗೆಯ ಬರಹ

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. ರಾಷ್ಟ್ರೀಯ ಉದ್ಯಾನವಾದದ್ದು ಯಾವಾಗ ಎಂಬಲ್ಲಿ ಆಕರಗಳು ಹೊಂದುವುದಿಲ್ಲ: ಕೆಲವು 1983 ಎನ್ನುತ್ತವೆ, ಕೆಲವು 1988. ವನ್ಯಜೀವಿ ಕಾಯ್ದೆಯ 35ನೇ ಕಲಂ ಪ್ರಕಾರ ಉದ್ಯಾನ ಘೋಷಣೆಗೆ ಎರಡು ಹಂತಗಳಿವೆ. ಮೊದಲು ಸರ್ಕಾರ ತನ್ನ ಉದ್ದೇಶವನ್ನು ಪ್ರಕಟಿಸಬೇಕು. ಆ ನೆಲದ ಮೇಲೆ ಯಾರಿಗೆ ಯಾವ ಹಕ್ಕಿದೆಯೆಂದು ವಿಚಾರಿಸಿ ಇತ್ಯರ್ಥ ಮಾಡಿದ ಬಳಿಕವೇ ಅಂತಿಮ ಅಧಿಸೂಚನೆ. ಎರಡು ವರ್ಷಗಳ ನಡುವಿನ ಈ ಅಂತರ ಅಚ್ಚಿನ ತಪ್ಪಿನಂತೆ ಕಂಡರೂ ಜೇನುಕುರುಬ, ಬೆಟ್ಟಕುರುಬ, ಯರವ ಆದಿವಾಸಿಗಳ ಹಾಡಿಗಳ ಮಟ್ಟಿಗೆ ಪ್ರಕರಣದ ತಿರುಳೇ ಅದು: ಹಕ್ಕುಗಳ ವಿಚಾರಣೆ ಆ ನಡುವೆ ನಡೆಯಬೇಕಿತ್ತು. ಇಸವಿಯೊಂದನ್ನೇ ಬರೆದು ಮುಂದೆ ಸಾಗಿದ ಲೇಖನಗಳು ಈ ಪ್ರಶ್ನೆಯನ್ನು ಕೇಳದೇ ಬಿಟ್ಟಿವೆ. ಜೀವಶಾಸ್ತ್ರದ ಪತ್ರಿಕೆಗಳ ಪರಿಶೀಲಕರು ಇದನ್ನು ಹಿಡಿಯಲಿಲ್ಲವೆಂದು ದೂರುವಂತಿಲ್ಲ; ಅದು ಅವರ ಕೆಲಸವಾಗಿರಲಿಲ್ಲ.

ಜೀವಶಾಸ್ತ್ರದ ಬರಹವಾದರೋ ಕಟ್ಟುನಿಟ್ಟಿನ ಪೀರ್ ರಿವ್ಯೂ ದಾಟಿಯೇ ಬಂದಿತು. ಕೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1992ರಲ್ಲಿ ‘ಜರ್ನಲ್ ಆಫ್ ಟ್ರಾಪಿಕಲ್ ಇಕಾಲಜಿ’ಯಲ್ಲಿ ನಾಗರಹೊಳೆಯ ದೊಡ್ಡ ಸಸ್ಯಾಹಾರಿಗಳ ಸಾಂದ್ರತೆಯನ್ನೂ, 1995ರಲ್ಲಿ ‘ಜರ್ನಲ್ ಆಫ್ ಅನಿಮಲ್ ಇಕಾಲಜಿ’ಯಲ್ಲಿ ಹುಲಿ, ಚಿರತೆ, ಕೆನ್ನಾಯಿಗಳ ಬೇಟೆಯ ಆಯ್ಕೆಯನ್ನೂ ಪ್ರಕಟಿಸಿದರು. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿಗಳನ್ನು ಎಣಿಸುವ ಕಾರಂತರ ವಿಧಾನ 1995ರಲ್ಲಿ ‘ಬಯಲಾಜಿಕಲ್ ಕನ್ಸರ್ವೇಶನ್’ನಲ್ಲಿ ಬಂತು. ಹೆಜ್ಜೆಗುರುತಿನ ಗಣತಿಯ ದೋಷಗಳನ್ನು ಬಯಲಿಗೆಳೆದ ಈ ಕೆಲಸ ಮುಂದೆ ದೇಶದ ಹುಲಿಗಣತಿಯ ರೀತಿಯನ್ನೇ ಬದಲಿಸಿತು.

ಕಾಡಿನೊಳಗಿನ ಜನರ ಬಗೆಗಿನ ಬರಹ ಬೇರೆ ಬಾಗಿಲುಗಳಿಂದ ಬಂತು. ರಾಮಚಂದ್ರ ಗುಹಾ 1997ರಲ್ಲಿ ‘ದಿ ಇಕಾಲಜಿಸ್ಟ್’ನಲ್ಲಿ ಬರೆದ ಟೀಕೆ, ಜನರನ್ನು ಹೊರಗಿಟ್ಟು ಕಾಡು ಉಳಿಸಬೇಕೆನ್ನುವ ಜೀವಶಾಸ್ತ್ರಜ್ಞರ ನಿಲುವನ್ನು ನಾಗರಹೊಳೆಯ ಉದಾಹರಣೆ ಹಿಡಿದು ಪ್ರಶ್ನಿಸಿತು. ‘ದಿ ಇಕಾಲಜಿಸ್ಟ್’ ಚರ್ಚೆಯ ನಿಯತಕಾಲಿಕೆ, ಪೀರ್ ರಿವ್ಯೂ ಜರ್ನಲ್ ಅಲ್ಲ. ಆದರೂ ಸಮಾಜವಿಜ್ಞಾನದ ಲೇಖನಗಳಲ್ಲಿ ಆ ಟೀಕೆ ಪಡೆದಿರುವ ಉಲ್ಲೇಖಗಳು ಕಡಿಮೆಯಲ್ಲ. ಒಂದು ಬಣ ಅಂಕಿ ಅಂಶ, ಇನ್ನೊಂದು ಬಣ ವಾದ; ಒಂದರ ಪತ್ರಿಕೆಯನ್ನು ಇನ್ನೊಂದು ಓದುತ್ತಿರಲಿಲ್ಲ. 2003ರಲ್ಲಿ ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಟ್ರಸ್ಟ್ ‘ಏಟ್ರಿ’ಯಿಂದ ಹೊರಟ ‘ಕನ್ಸರ್ವೇಶನ್ ಆ್ಯಂಡ್ ಸೊಸೈಟಿ’ ಈ ಗೋಡೆಗೆ ಕಿಟಕಿ ಕೊರೆಯಿತು. ಅಭಯಾರಣ್ಯಗಳಿಂದ ಜನರ ಸ್ಥಳಾಂತರ ಕುರಿತು ಮಹೇಶ್ ರಂಗರಾಜನ್ ಮತ್ತು ಗಜಾಲಾ ಶಹಾಬುದ್ದೀನ್ 2006ರಲ್ಲಿ ಬರೆದ ಸಮೀಕ್ಷೆ ಬಂದದ್ದು ಇಲ್ಲಿಯೇ. ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ ಈ ಪತ್ರಿಕೆಯ ಆರಂಭವನ್ನು ಈ ಲೇಖನ ಕರ್ನಾಟಕದ ಪರಿಸರ ಪ್ರಕಟಣೆಯ ಮುಖ್ಯ ತಿರುವೆಂದು ಎಣಿಸುತ್ತದೆ. ಕಾನೂನು ಪತ್ರಿಕೆಗಳ ಸಂಖ್ಯೆ ಏರಿದ್ದನ್ನಲ್ಲ.

1997 ಮತ್ತು 1998

ನಾಗರಹೊಳೆಯ ಮೂರ್ಕಲ್‌ನಲ್ಲಿ ತಾಜ್ ಗುಂಪಿನ ಗೇಟ್‌ವೇ ಹೊಟೇಲ್ಸ್ ಕಂಪನಿಯ ರೆಸಾರ್ಟಿಗೆ ಸರ್ಕಾರ ಕಾಡಿನ ಜಾಗವನ್ನು ಗುತ್ತಿಗೆ ಕೊಟ್ಟಿತ್ತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಕೇಂದ್ರದ ಪೂರ್ವಾನುಮತಿ ಇಲ್ಲದ ಈ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪಾಯಿತು. ಎ.ಐ.ಆರ್. 1997 ಕರ್ನಾಟಕ 288 ಎಂದು ವರದಿಯಾಗಿರುವ ಈ ತೀರ್ಪನ್ನು ಪಠ್ಯಪುಸ್ತಕಗಳು ಅರಣ್ಯ ಸಂರಕ್ಷಣಾ ಕಾಯ್ದೆಯ 2ನೇ ಕಲಮಿನ ಉದಾಹರಣೆಯಾಗಿ ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಅರ್ಜಿದಾರರು ಯಾರು, ಐಷಾರಾಮಿ ಹೋಟೆಲಿಗೆ ಜಾಗವಿದ್ದ ಕಾಡಿನಲ್ಲಿ ತಮಗೇಕೆ ಇಲ್ಲವೆಂದು ಅವರು ಕೇಳುತ್ತಿದ್ದುದೇಕೆ ಎಂಬುದು ಆ ಸಾಲುಗಳಲ್ಲಿ ಬರುವುದಿಲ್ಲ.

ಎರಡನೆಯ ಪ್ರಕರಣ ಇನ್ನೂ ಕಡಿಮೆ ಪರಿಚಿತ. ವಿಶ್ವಬ್ಯಾಂಕ್ 1996ರಲ್ಲಿ ಒಪ್ಪಿದ ಭಾರತ ಪರಿಸರ ಅಭಿವೃದ್ಧಿ ಯೋಜನೆಯ ಏಳು ತಾಣಗಳಲ್ಲಿ ನಾಗರಹೊಳೆಯೂ ಒಂದು. ತಮ್ಮನ್ನು ಕೇಳದೆ ಯೋಜನೆ ರೂಪಿಸಲಾಗಿದೆ, ಇದು ತಮ್ಮನ್ನು ಕಾಡಿನಿಂದ ಹೊರದೂಡುತ್ತದೆ ಎಂದು ಇಲ್ಲಿನ ಆದಿವಾಸಿಗಳ ಸಂಘಟನೆ 1998ರ ಏಪ್ರಿಲ್‌ನಲ್ಲಿ ಬ್ಯಾಂಕಿನ ತನಿಖಾ ಮಂಡಳಿಗೆ ದೂರು ಕೊಟ್ಟಿತು. ಸಾಲ ಕೊಡುವ ಸಂಸ್ಥೆಯನ್ನು ಅದರದೇ ನಿಯಮಗಳಡಿ ಪ್ರಶ್ನಿಸಲು ದಾರಿ ಮಾಡಿಕೊಟ್ಟ ಈ ಮಂಡಳಿ ಸ್ಥಾಪನೆಯಾದದ್ದು 1993ರಲ್ಲಿ. ಅಂತಾರಾಷ್ಟ್ರೀಯ ಆರ್ಥಿಕ ಕಾನೂನಿನಲ್ಲಿ ಅದು ಹೊಸ ಪ್ರಯೋಗ. ಯೋಜನೆ ರೂಪಿಸುವಾಗ ಜನರೊಡನೆ ಸರಿಯಾದ ಸಮಾಲೋಚನೆ ನಡೆದಿಲ್ಲವೆಂದು ಕಂಡ ಮಂಡಳಿ ತನಿಖೆಗೆ ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕ ಮಂಡಳಿ ಆ ವರ್ಷದ ಕೊನೆಗೆ ತನಿಖೆಗೆ ಒಪ್ಪಿಗೆ ಕೊಡಲಿಲ್ಲ. ತನಿಖಾ ಮಂಡಳಿಯ ಬಗೆಗಿನ ಜಾಗತಿಕ ಸಾಹಿತ್ಯದಲ್ಲಿ ನಾಗರಹೊಳೆ ಹೀಗೆ ‘ತನಿಖೆಯಾಗದ’ ಪ್ರಕರಣಗಳ ಸಾಲಿಗೆ ಸೇರಿತು. ಹಾಡಿಯ ಜನ ವಾಷಿಂಗ್ಟನ್ನಿನವರೆಗೆ ದೂರು ಒಯ್ದ ಈ ಘಟನೆಗೆ ಕನ್ನಡದ ಬರಹಗಳಲ್ಲಿ ಸಿಕ್ಕಿರುವ ಜಾಗ ಕಿರಿದು.

ಕಾನೂನು ಶಾಲೆಯ ಪತ್ರಿಕೆಗಳು

ರಾಷ್ಟ್ರೀಯ ಕಾನೂನು ಶಾಲೆ ಎನ್.ಆರ್. ಮಾಧವ ಮೆನನ್ ನೇತೃತ್ವದಲ್ಲಿ 1988ರಲ್ಲಿ ತರಗತಿ ಆರಂಭಿಸಿತು. ‘ಸ್ಟೂಡೆಂಟ್ ಅಡ್ವೊಕೇಟ್’ ಎಂಬ ಹೆಸರಿನಲ್ಲಿ ಹುಟ್ಟಿದ ವಿದ್ಯಾರ್ಥಿಗಳ ಪತ್ರಿಕೆಯೇ ಇಂದಿನ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’. ಆರ್ಥಿಕ ಕಾನೂನಿಗೆ ಮೀಸಲಾದ ‘ಇಂಡಿಯನ್ ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಎಕನಾಮಿಕ್ ಲಾ’ ಕೂಡ ಇಲ್ಲಿನ ವಿದ್ಯಾರ್ಥಿಗಳದೇ. 1997ರಲ್ಲಿ ಸ್ಥಾಪನೆಯಾದ ಪರಿಸರ ಕಾನೂನು ಕೇಂದ್ರ ‘ಸೀರಾ’ ತರಬೇತಿ, ಸಂಶೋಧನೆಗಳ ಜೊತೆ ಪರಿಸರ ಕಾನೂನಿನ ಜರ್ನಲ್ ಒಂದನ್ನೂ ತರುತ್ತಿದೆ. ಪ್ರೊ. ಎಂ.ಕೆ. ರಮೇಶ್ ಇಲ್ಲಿ ಈ ವಿಷಯದ ಬೋಧನೆಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಹೊರದೇಶದ ಪತ್ರಿಕೆಗಳಲ್ಲಿ 1971ರ ‘ಇಕಾಲಜಿ ಲಾ ಕ್ವಾರ್ಟರ್ಲಿ’ ಮತ್ತು 1989ರ ‘ಜರ್ನಲ್ ಆಫ್ ಎನ್ವಿರಾನ್‌ಮೆಂಟಲ್ ಲಾ’ ಇವುಗಳಿಗೆ ಹಿರಿಯಕ್ಕಂದಿರು.

ವಿದ್ಯಾರ್ಥಿ ಸಂಪಾದಕರ ಪದ್ಧತಿಗೆ ಒಂದು ಗುಣವಿದೆ: ಪ್ರತಿಯೊಂದು ಅಡಿಟಿಪ್ಪಣಿಯನ್ನೂ ಯಾರೋ ಒಬ್ಬರು ಮೂಲ ತೆರೆದು ನೋಡಿರುತ್ತಾರೆ. ಬೇರೆ ಶಾಸ್ತ್ರಗಳ ಪರಿಶೀಲಕರಿಗೆ ಅಷ್ಟು ಪುರುಸೊತ್ತಿಲ್ಲ. ಇದರ ಮಿತಿಯೂ ಅಷ್ಟೇ ಸ್ಪಷ್ಟ. ಮೂಲವೆಂದರೆ ವರದಿಯಾದ ತೀರ್ಪು, ಕಾಯ್ದೆ, ಅಚ್ಚಾದ ಲೇಖನ. ತಾಲ್ಲೂಕು ಕಚೇರಿಯ ಕಡತವೂ ಹಾಡಿಯವರ ಹೇಳಿಕೆಯೂ ಆ ಜರಡಿಯಲ್ಲಿ ನಿಲ್ಲುವುದಿಲ್ಲ. ನ್ಯಾಯಾಲಯಗಳು ವಿದ್ವತ್ ಲೇಖನಗಳನ್ನು ಓದುವುದಿಲ್ಲವೆಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನಾಯುಡು ನಡುವಣ 1999ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದೇಶಿ ಕಾನೂನು ಪತ್ರಿಕೆಗಳನ್ನು ಧಾರಾಳವಾಗಿ ಉದ್ಧರಿಸಿದೆ.

3,418 ಕುಟುಂಬಗಳು

ನಾಗರಹೊಳೆಯಿಂದ ಎಷ್ಟು ಜನ ಹೊರಬಂದರು? ಎಲ್ಲ ಆಕರಗಳೂ ತೊಡರುವುದು ಇಲ್ಲಿಯೇ. ಪರಿಹಾರದ ಯೋಜನೆಯಡಿ ಪುನರ್ವಸತಿ ಶುರುವಾದದ್ದು 1999ರಲ್ಲಿ, ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ. ಅರಣ್ಯ ಇಲಾಖೆಯ ಲೆಕ್ಕ ಹೆಚ್ಚಾಗಿ ಅಲ್ಲಿಂದ ಮುಂದಿನದು. ಅದಕ್ಕೂ ಮೊದಲು, 1970ರ ದಶಕದಿಂದ, ಪುಡಿಗಾಸೂ ಕಾಣದೆ ಕಾಡು ಬಿಟ್ಟವರಿದ್ದಾರೆ. ಅವರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳ ಲೈನುಮನೆ ಸೇರಿದರು. ಹೈಕೋರ್ಟ್ ನೇಮಿಸಿದ, ಮೈಸೂರು ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಫರ್ ಅಸ್ಸಾದಿ ಅಧ್ಯಕ್ಷತೆಯ ಸಮಿತಿ 2014ರ ತನ್ನ ವರದಿಯಲ್ಲಿ ಒಟ್ಟು 3,418 ಕುಟುಂಬಗಳನ್ನು ಗುರುತಿಸಿತು. ಎರಡು ಲೆಕ್ಕಗಳ ವ್ಯತ್ಯಾಸಕ್ಕೆ ಎಣಿಸಿದವರ ನಿಷ್ಠೆಗಿಂತ ಎಣಿಕೆ ಎಲ್ಲಿಂದ ಶುರುವಾಯಿತೆಂಬುದೇ ಕಾರಣ.

ಇಂಥ ವರದಿಗೆ ಪೀರ್ ರಿವ್ಯೂ ಇಲ್ಲ. ಅದರ ಪರಿಶೀಲಕ ನ್ಯಾಯಾಲಯ, ಎದುರುವಾದಿ ಸರ್ಕಾರ. ಆದರೂ ಅರಣ್ಯ ಹಕ್ಕು ಕಾಯ್ದೆಯ ಬಗ್ಗೆ ಈಚೆಗೆ ಬರೆಯುವವರು ನಾಗರಹೊಳೆಯ ಅಂಕಿಗಾಗಿ ನೆಚ್ಚುವುದು ಇದನ್ನೇ. ಈ ಕಾಯ್ದೆ 2006ರಲ್ಲಿ ಅಂಗೀಕಾರವಾಗಿ 2007ರ ಡಿಸೆಂಬರ್ 31ರಂದು ಜಾರಿಗೆ ಬಂತು. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶವೆಂದು ಅಧಿಸೂಚಿತವಾದದ್ದು 2007ರಲ್ಲಿ. ಯಾವುದು ಮೊದಲು, ಯಾವ ಪ್ರಕ್ರಿಯೆ ಯಾವುದಕ್ಕೆ ಅಧೀನ ಎಂಬ ವಾದ ಪತ್ರಿಕೆಗಳಲ್ಲಿ ಇನ್ನೂ ಮುಗಿದಿಲ್ಲ.

ಪಟ್ಟಿಗಳ ಕಾಲ

2010ರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ ಅಧ್ಯಾಪಕರ ನೇಮಕ, ಬಡ್ತಿಗೆ ಪ್ರಕಟಣೆಯ ಅಂಕಗಳನ್ನು ಜೋಡಿಸಿದ ಮೇಲೆ ಹಣ ಪಡೆದು ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಕಾನೂನೂ ಹೊರತಾಗಲಿಲ್ಲ. ಯುಜಿಸಿ 2017ರಲ್ಲಿ ಒಪ್ಪಿತ ಪಟ್ಟಿ ಪ್ರಕಟಿಸಿ, 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಅದೇ ವರ್ಷ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಭೂಷಣ್ ಪಟವರ್ಧನ್ ಮತ್ತು ಸಹಲೇಖಕರು ವಿಶ್ವವಿದ್ಯಾಲಯಗಳು ಸೂಚಿಸಿದ 1,009 ಪತ್ರಿಕೆಗಳನ್ನು ಪರೀಕ್ಷಿಸಿ 88%ರಷ್ಟು ಕನಿಷ್ಠ ಗುಣಮಟ್ಟವನ್ನೂ ಮುಟ್ಟಿಲ್ಲವೆಂದು ತೋರಿಸಿದರು. 2019ರಲ್ಲಿ ಒಪ್ಪಿತ ಪಟ್ಟಿಯ ಜಾಗಕ್ಕೆ ‘ಕೇರ್’ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟ ಯುಜಿಸಿ, ಪತ್ರಿಕೆಗಳನ್ನು ತೂಗಿ ನೋಡುವ ಹೊಣೆಯನ್ನು ಆಯಾ ವಿದ್ಯಾಸಂಸ್ಥೆಗಳಿಗೇ ವಹಿಸಿತು.

ಇವೆಲ್ಲವೂ ಇಂಗ್ಲಿಷ್ ಬರಹದ ಸುತ್ತ ನಡೆದ ಲೆಕ್ಕಾಚಾರ. ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪುಗಳನ್ನು ಭಾರತೀಯ ಭಾಷೆಗಳಲ್ಲಿ ಕೊಡಲು ಶುರುಮಾಡಿದಾಗ ಮೊದಲ ಕಂತಿನಲ್ಲೇ ಕನ್ನಡವೂ ಇತ್ತು. ತೀರ್ಪಿನ ಕನ್ನಡ ಸಿಕ್ಕಿತು. ತೀರ್ಪನ್ನು ಕನ್ನಡದಲ್ಲಿ ವಿಮರ್ಶಿಸುವ ವಿದ್ವತ್ ಪತ್ರಿಕೆಯ ಬಲ ಅಷ್ಟಾಗಿ ಬೆಳೆದಿಲ್ಲ.

ಈ ಸೀಮೆಯ ಬಗ್ಗೆ ಅಭ್ಯಾಸ ಮಾಡುವವರು ಮೊದಲು ಅಸ್ಸಾದಿ ಸಮಿತಿಯ ವರದಿ, 1997ರ ತೀರ್ಪು ಮತ್ತು ವಿಶ್ವಬ್ಯಾಂಕ್ ತನಿಖಾ ಮಂಡಳಿಯ 1998ರ ಕಡತಗಳನ್ನು ಓದಿ, ಆಮೇಲೆ ಜರ್ನಲುಗಳಿಗೆ ಹೋಗುವುದು ಒಳ್ಳೆಯದು. ಸ್ಥಳಾಂತರದ ಯಾವುದೇ ಅಂಕಿ ಎದುರಾದರೂ ಅದು ಕುಟುಂಬಗಳದೋ ತಲೆಗಳದೋ, ಯಾವ ಇಸವಿಯಿಂದ ಎಣಿಸಿದ್ದು ಎಂಬುದನ್ನು ನೋಡಿಕೊಂಡೇ ಬಳಸಬೇಕು.