ಕೋಳಿ ಹಿಕ್ಕೆ ನೋಡಿ ರೋಗ ಗುರುತಿಸಿ: ಯಾವುದಕ್ಕೆ ಗಾಬರಿ ಬೇಡ, ಯಾವುದಕ್ಕೆ ತಡ ಬೇಡ

ಸಂತೆಯಿಂದ ತಂದ ಎರಡು ಹೇಂಟೆ, ಒಂದು ಹುಂಜದಿಂದ ಶುರುವಾಗುವ ನಾಟಿ ಕೋಳಿ ಸಾಕಣೆ ಎಷ್ಟೋ ಮನೆಗಳಲ್ಲಿ ಹಬ್ಬದ ಖರ್ಚಿಗೆ, ಮಕ್ಕಳ ಫೀಸಿಗೆ ಆಸರೆ. ಆದರೆ ರೋಗ ಹೊಕ್ಕರೆ ವಾರದೊಳಗೆ ಗೂಡು ಖಾಲಿಯಾಗಬಹುದು. ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಕೆಳಗೆ ಬಿದ್ದಿರುವ ಹಿಕ್ಕೆಯೇ ಮೊದಲ ಸುಳಿವು. ರಾತ್ರಿ ಕೋಳಿ ಕೂರುವ ಕಡೆ ಕೆಳಗೆ ಹಳೇ ಪೇಪರ್ ಹಾಸಿದರೆ ನೋಡೋದು ಸುಲಭ.

ಆರೋಗ್ಯವಂತ ಕೋಳಿಯ ಹಿಕ್ಕೆ

ಕಂದು ಅಥವಾ ಬೂದು ಬಣ್ಣ, ಗಟ್ಟಿ ಉಂಡೆ, ಮೇಲೆ ಬಿಳಿ ಟೋಪಿ. ಕೋಳಿಗೆ ಮೂತ್ರಕ್ಕೆ ಬೇರೆ ದಾರಿ ಇಲ್ಲ. ಆ ಬಿಳಿ ಭಾಗವೇ ಅದರ ಮೂತ್ರ.

ಇವಕ್ಕೆ ಗಾಬರಿ ಬೇಡ

* ದಿನಕ್ಕೆ ಕೆಲವು ಸಲ ಬೀಳುವ ಅಂಟಂಟಾದ, ಗಬ್ಬು ನಾರುವ ಕಡು ಕಂದು ಹಿಕ್ಕೆ. ಇದು ಕುರುಡು ಕರುಳಿನಿಂದ ಬರುವಂಥದ್ದು, ಭೇದಿ ಅಲ್ಲ.
* ಕಾವಿಗೆ ಕೂತ ಹೇಂಟೆ ಎದ್ದಾಗ ಹಾಕುವ ದೊಡ್ಡ, ನಾರುವ ಹಿಕ್ಕೆ. ತುಂಬಾ ಹೊತ್ತು ತಡೆದುಕೊಂಡಿದ್ದಕ್ಕೆ ಹಾಗಾಗುತ್ತೆ.
* ಬೇಸಿಗೆಯಲ್ಲಿ ಜಾಸ್ತಿ ನೀರು ಕುಡಿದಾಗ ನೀರು ನೀರಾಗಿ, ಸೊಪ್ಪು ತಿಂದ ದಿನ ಹಸಿರಾಗಿ ಬರಬಹುದು.

ಕೋಳಿ ಚುರುಕಾಗಿ ಮೇಯ್ತಿದ್ದರೆ ಇವಕ್ಕೆಲ್ಲ ಮಾತ್ರೆ ತಂದು ದುಡ್ಡು ಕಳೆಯಬೇಡಿ.

ಇವಕ್ಕೆ ತಡ ಮಾಡಬೇಡಿ

ರಕ್ತ: ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿಯ ಶಂಕೆ. ಮರಿ ರೆಕ್ಕೆ ಇಳಿಬಿಟ್ಟು ಮುದುಡಿ ಕೂರುತ್ತೆ. ಒದ್ದೆ ನೆಲದಲ್ಲಿ ಬೇಗ ಹರಡುತ್ತೆ. ಅದೇ ದಿನ ವೈದ್ಯರಿಗೆ ತೋರಿಸಿ ಔಷಧ ಕೊಟ್ಟರೆ ಉಳಿಸಿಕೊಳ್ಳಬಹುದು. ಹಾಸಿದ ಹೊಟ್ಟು ಪೂರ್ತಿ ತೆಗೆದು ಒಣ ಹೊಟ್ಟು ಹಾಕಿ.

ಹಸಿರು ಭೇದಿ: ಜೊತೆಗೆ ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು, ಕಾಲು ಸೋಲುವುದು ಇದ್ದರೆ ಕೊಕ್ಕರೆ ರೋಗ ಇರಬಹುದು. ಇದು ವೈರಸ್‌ನಿಂದ ಬರುತ್ತೆ, ವಾಸಿ ಮಾಡೋ ಮದ್ದಿಲ್ಲ. ಲಸಿಕೆಯೊಂದೇ ದಾರಿ: ಮೊದಲ ವಾರ ಕಣ್ಣು ಅಥವಾ ಮೂಗಿಗೆ ಹನಿ, ಆಮೇಲೆ 6ರಿಂದ 8 ವಾರದಲ್ಲಿ ಚುಚ್ಚುಮದ್ದು. ಒಂದು ಸೀಸೆ ತೆರೆದರೆ ಬಹಳ ಕೋಳಿಗೆ ಆಗುತ್ತೆ, ಉಳಿದದ್ದು ಇಡೋಕಾಗಲ್ಲ. ಅಕ್ಕಪಕ್ಕದ ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ಎಲ್ಲರಿಗೂ ಲಾಭ.

ಬಿಳಿ ಭೇದಿ: ಎಳೇ ಮರಿಗಳ ಹಿಂಭಾಗಕ್ಕೆ ಸುಣ್ಣದಂತೆ ಮೆತ್ತಿಕೊಂಡು ಒಂದೊಂದೇ ಸಾಯುತ್ತಿದ್ದರೆ ಅದು ತಾಯಿಯಿಂದ ಮೊಟ್ಟೆ ಮೂಲಕ ಬಂದ ಸೋಂಕೂ ಆಗಿರಬಹುದು. ಆ ಹೇಂಟೆಯ ಮೊಟ್ಟೆಯನ್ನು ಮತ್ತೆ ಕಾವಿಗೆ ಇಡಬೇಡಿ.

ಹುಳ: ದಾರದಂಥ ಹುಳ ಕಂಡರೆ ಎಲ್ಲಾ ಕೋಳಿಗೂ ಒಟ್ಟಿಗೆ ಜಂತುನಾಶಕ ಕೊಡಿಸಿ.

ಆಸ್ಪತ್ರೆಗೆ ಹೋಗುವಾಗ

ಹೊಸದಾಗಿ ಬಿದ್ದ ಹಿಕ್ಕೆಯನ್ನು ಶುದ್ಧ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಪಶು ಸಹಾಯವಾಣಿ ಸಂಖ್ಯೆ 1962. ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ಹಾಕಬೇಡಿ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ, ಮಾಂಸ ಬಳಸಬಾರದು ಅಂತ ವೈದ್ಯರನ್ನೇ ಕೇಳಿ.

ಕಾಯಿಲೆ ಕೋಳಿಯನ್ನು ಸಂತೆಗೋ ಚಿಕನ್ ಅಂಗಡಿಗೋ ದಾಟಿಸಬೇಡಿ. ಅಂಗಡಿಯವರೂ ತೂಗುವ ಮುನ್ನ ಹಿಂಭಾಗ ನೋಡಿ. ಹೊಸ ಕೋಳಿಯನ್ನು ಎರಡು ವಾರ ಬೇರೆ ಇಡಿ. ಸತ್ತದ್ದನ್ನು ಕೆರೆಗೆ, ಚರಂಡಿಗೆ ಎಸೆಯದೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಒಮ್ಮೆಗೇ ಹಲವು ಕೋಳಿ ಸತ್ತರೆ ಮುಟ್ಟದೆ, ಮೊದಲು ಪಶು ಇಲಾಖೆಗೆ ತಿಳಿಸಿ.