ಶಿಲೆಯ ಸಾಕ್ಷ್ಯ: ಕ್ಲೋಸ್‌ಪೇಟೆ ಗ್ರಾನೈಟಿನ ಆಳವನ್ನು ಕುರಿತು

ಸೋಲೂರಿನಿಂದ ದಕ್ಷಿಣಾಭಿಮುಖವಾಗಿ ಮಾಗಡಿಯನ್ನು ದಾಟಿ ಹೋದವರಿಗೆ ಸಾವನದುರ್ಗದ ಬೋಳುಬಂಡೆ ಎದುರಾಗುತ್ತದೆ. ಮಾಗಡಿಯ ಪ್ರಭುಗಳಿಗೆ ನೆಲೆಯಾಗಿದ್ದ ಈ ದುರ್ಗವು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಆದರೆ ಕೋಟೆಯನ್ನು ಹೊತ್ತ ಬಂಡೆಗೂ ಒಂದು ಇತಿಹಾಸವುಂಟು. ಅದನ್ನು ತಿಳಿಯುವ ಒಂದು ಮಾರ್ಗವನ್ನೂ ಆ ಮಾರ್ಗದ ಮಿತಿಯನ್ನೂ ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ಶಿಲಾಸ್ತೋಮಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಇಂದಿನ ರಾಮನಗರವೇ ಹಿಂದಿನ ಕ್ಲೋಸ್‌ಪೇಟೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಆ ಹೆಸರು ಬಂದಿತು. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಹಬ್ಬಿರುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ನಿರ್ಣಯವಾಗಿದೆ. ಕಾಲವು ತಿಳಿಯಿತು, ಸ್ಥಾನವೋ? ಕರಗಿದ ಶಿಲಾದ್ರವವು ಎಷ್ಟು ಆಳದಲ್ಲಿ ಹರಳುಗಟ್ಟಿತು?

ಇದಕ್ಕೆ ಉತ್ತರವೀಯುವ ಸಾಕ್ಷಿ ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜ. ಒತ್ತಡವು ಹೆಚ್ಚಿದಂತೆ ಅದರ ಹರಳಿನಲ್ಲಿ ಸೇರುವ ಅಲ್ಯೂಮಿನಿಯಮ್ ಹೆಚ್ಚುತ್ತದೆ. ಹ್ಯಾಮರ್‌ಸ್ಟ್ರಾಮ್ ಮತ್ತು ಜೆನ್ ಎಂಬ ವಿದ್ವಾಂಸರು 1986ರಲ್ಲಿ ಇದನ್ನು ಒತ್ತಡದ ಅಳತೆಗೋಲಾಗಿ ಪ್ರತಿಪಾದಿಸಿದರು. 1992ರಲ್ಲಿ ಶ್ಮಿಟ್ ಅವರು ಪ್ರಯೋಗಗಳಿಂದ ಅದನ್ನು ಪರಿಷ್ಕರಿಸಿದರು. ಅವರ ಸೂತ್ರದಂತೆ, ಖನಿಜದ ರಾಸಾಯನಿಕ ಸೂತ್ರದಲ್ಲಿನ ಅಲ್ಯೂಮಿನಿಯಮ್ ಸಂಖ್ಯೆಯನ್ನು 4.76ರಿಂದ ಗುಣಿಸಿ 3.01ನ್ನು ಕಳೆದರೆ ಒತ್ತಡವು ಕಿಲೋಬಾರುಗಳಲ್ಲಿ ದೊರೆಯುತ್ತದೆ. ಆ ಸಂಖ್ಯೆ 1.5 ಎಂದು ಭಾವಿಸಿದರೆ ಒತ್ತಡ ಸುಮಾರು 4.1 ಕಿಲೋಬಾರು. ಒಂದು ಕಿಲೋಬಾರು ಸುಮಾರು 3.7 ಕಿಲೋಮೀಟರು ದಪ್ಪದ ಶಿಲೆಯ ಭಾರಕ್ಕೆ ಸಮವಾದುದರಿಂದ ಆಳವು ಸುಮಾರು 15 ಕಿಲೋಮೀಟರಾಗುತ್ತದೆ. ಇದು ಲೆಕ್ಕದ ನಿದರ್ಶನವೇ ಹೊರತು ಸಾವನದುರ್ಗದ ಅಳತೆಯಲ್ಲ.

ಶಾಸನವನ್ನು ಓದುವಾಗ ಅದು ಮೂಲವೋ ನಕಲೋ ಎಂದು ನಾವು ಪರೀಕ್ಷಿಸುವುದಿಲ್ಲವೇ? ಖನಿಜಸಾಕ್ಷ್ಯಕ್ಕೂ ಅಂಥ ಪರೀಕ್ಷೆ ಅಗತ್ಯ. ಬೆಣಚು, ಎರಡು ಬಗೆಯ ಫೆಲ್ಡ್‌ಸ್ಪಾರ್, ಕಪ್ಪು ಕಾಗೆಬಂಗಾರ, ಟೈಟಾನೈಟ್, ಕಬ್ಬಿಣದ ಆಕ್ಸೈಡ್ ಇವೆಲ್ಲವೂ ಹಾರ್ನ್‌ಬ್ಲೆಂಡಿನೊಡನೆ ದ್ರವದಿಂದ ಕೂಡಿ ಹುಟ್ಟಿರಬೇಕು. ಹರಳಿನ ಅಂಚನ್ನು ಅಳೆಯಬೇಕು, ಏಕೆಂದರೆ ನಡುಭಾಗವು ಇನ್ನೂ ಆಳದಲ್ಲಿ ಮೊದಲೇ ಬೆಳೆದಿರಬಹುದು. ಅತಿಯಾದ ಉಷ್ಣತೆಯೂ ಅಲ್ಯೂಮಿನಿಯಮನ್ನು ಹೆಚ್ಚಿಸಿ ಸುಳ್ಳು ಆಳವನ್ನು ತೋರಿಸಬಲ್ಲದು. ಎಲ್ಲವೂ ಸರಿಯಿದ್ದರೂ ಸೂತ್ರದಲ್ಲಿ 0.6 ಕಿಲೋಬಾರಿನ, ಅಂದರೆ ಎರಡು ಕಿಲೋಮೀಟರಿಗೂ ಮಿಕ್ಕ, ಅನಿಶ್ಚಯ ಉಳಿಯುತ್ತದೆ.

ನಮ್ಮ ಪ್ರದೇಶದಲ್ಲಿ ಈ ಎಚ್ಚರಕ್ಕೆ ವಿಶೇಷ ಕಾರಣವಿದೆ. ಮೊಯೆನ್, ಜಯಾನಂದ ಮೊದಲಾದವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕ್ಲೋಸ್‌ಪೇಟೆ ಗ್ರಾನೈಟಿನ ದಕ್ಷಿಣಭಾಗದಲ್ಲಿ ಭೂಚಿಪ್ಪಿನ ಆಳದ ಸ್ತರಗಳೂ ಉತ್ತರಕ್ಕೆ ಹೋದಂತೆ ಮೇಲಿನ ಸ್ತರಗಳೂ ತೆರೆದುಕೊಂಡಿವೆ. ದಕ್ಷಿಣದ ಆಳಕ್ಕೆ ನೆರೆಯ ಶಿಲೆಗಳ ಸಾಕ್ಷ್ಯವೂ ಇದೆ. ಕನಕಪುರ ತಾಲ್ಲೂಕಿನ ಕಬ್ಬಾಳದಲ್ಲಿ ನೈಸ್ ಶಿಲೆಯು ಚಾರ್ನೊಕೈಟಾಗಿ ಮಾರ್ಪಡುತ್ತಿದ್ದುದನ್ನು ಪಿಚ್ಚಮುತ್ತು ಅವರು 1960ರಲ್ಲಿ ವರದಿಮಾಡಿದರು. ಅಂಥ ಮಾರ್ಪಾಡು ಭೂಮಿಯ ಮೇಲ್ಪದರದಲ್ಲಿ ಆಗತಕ್ಕದ್ದಲ್ಲ.

ಆದುದರಿಂದ ಇಡೀ ಶಿಲಾಸ್ತೋಮಕ್ಕೆ ಒಂದೇ ಆಳವನ್ನು ಹೇಳುವುದು, ಒಂದು ಶಾಸನದಿಂದ ಇಡೀ ರಾಜ್ಯದ ಚರಿತ್ರೆಯನ್ನು ಬರೆದಂತೆಯೇ ದೋಷಯುಕ್ತವಾದುದು. ಆಳವನ್ನು ಉಲ್ಲೇಖಿಸುವ ವಿದ್ಯಾರ್ಥಿಯು ಮಾದರಿಯ ಸ್ಥಳ, ಅಳೆದ ಖನಿಜ, ಬಳಸಿದ ಸೂತ್ರ, ಅನಿಶ್ಚಯದ ಪ್ರಮಾಣ ಈ ನಾಲ್ಕನ್ನೂ ತಪ್ಪದೆ ಬರೆಯತಕ್ಕದ್ದು.